ಅಂಕಿಗಳ ರಾಜಕಂಠಿಕೆ: ಗಣಿತಜ್ಞ ಶ್ರೀ ಮಹಾವೀರಾಚಾರ್ಯರು

ಭಗವಾನ್ ವರ್ಧಮಾನ ಮಹಾವೀರಸ್ವಾಮಿಯ ಪುಣ್ಯನಾಮವನ್ನು ಧರಿಸಿ, ಸುಮಾರು ಕ್ರಿ.ಶ. 850ರಲ್ಲಿ ‘ಗಣಿತಸಾರಸಂಗ್ರಹ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದ ಮಹನೀಯರು ಶ್ರೀ ಮಹಾವೀರಾಚಾರ್ಯರು. ತಂದೆತಾಯಿ, ಜನ್ಮಸ್ಥಳಗಳ ವಿಷಯವಾಗಿ ಅವರು ತಮ್ಮ ಕೃತಿಯಲ್ಲಿ ಒಂದಕ್ಷರವನ್ನೂ ಬರೆದುಕೊಂಡಿಲ್ಲ. ಗ್ರಂಥಾರಂಭದಲ್ಲಿ ಜಿನೇಂದ್ರನಿಗೆ ವಂದಿಸಿ, ಬಳಿಕ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನನ್ನು ಸ್ತುತಿಸಿರುವುದರಿಂದಲೇ ಅವರ ಕಾಲವು ತಿಳಿದುಬರುತ್ತದೆ. ಆ ಚಕ್ರವರ್ತಿಯ ರಾಜಧಾನಿ ಮಾನ್ಯಖೇಟವೇ ಕಲಬುರಗಿ ಜಿಲ್ಲೆಯ ಇಂದಿನ ಮಳಖೇಡ.

ಜಿನಾಗಮಕ್ಕೂ ಗಣಿತಕ್ಕೂ ನಂಟು ಹಳೆಯದು. ದ್ವೀಪ-ಸಾಗರಗಳ ವಿಸ್ತಾರ, ಕಾಲಮಾನ, ಜೀವರಾಶಿ ಇವೆಲ್ಲವನ್ನೂ ಹೇಳಲು ಸಂಖ್ಯಾತ, ಅಸಂಖ್ಯಾತ, ಅನಂತಗಳೆಂಬ ವಿಚಾರ ಬೇಕಾಯಿತು. ಆರ್ಯಭಟನು ಹತ್ತು ಸ್ಥಾನಗಳಿಗೆ ಹೆಸರು ಹೇಳಿದ್ದರೆ, ಆಚಾರ್ಯರು ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳನ್ನು ಹೆಸರಿಸಿದರು. ಮಹಾಕ್ಷೋಭವೆಂದರೆ ಒಂದರ ಮುಂದೆ 23 ಸೊನ್ನೆ. ಇಪ್ಪತ್ನಾಲ್ಕೆಂದೊಡನೆ ಶ್ರಾವಕರ ಮನವು ತೀರ್ಥಂಕರರತ್ತ ಹರಿಯುವುದು ಸಹಜ; ಆಚಾರ್ಯರು ಮಾತ್ರ ಅಂತಹ ಕಾರಣವನ್ನು ಹೇಳಿಲ್ಲ.

ಗುಣಾಕಾರದ ಪ್ರಕರಣದಲ್ಲಿ ಅವರು ಶಿಷ್ಯರ ಮುಂದಿಡುವ ಲೆಕ್ಕವೊಂದು ಬಹು ಸೊಗಸಾಗಿದೆ. ಏಕಸ್ಥಾನದಿಂದ ಎಡಕ್ಕೆ ಕ್ರಮವಾಗಿ 3, 4, 1, 7, 5, 8, 2, 4, 1 ಇವುಗಳನ್ನು ಬರೆದರೆ 142857143 ಆಗುತ್ತದೆ. ಅದನ್ನು ಏಳರಿಂದ ಗುಣಿಸಿದರೆ 1000000001. ಎರಡು ತುದಿಗಳಲ್ಲಿ ಒಂದೊಂದು ಮಣಿ, ನಡುವೆ ಎಂಟು ಸೊನ್ನೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಇದನ್ನು ಅವರು ರಾಜಕಂಠಿಕೆ, ಎಂದರೆ ಅರಸನ ಕೊರಳ ಹಾರವೆಂದು ಕರೆದರು. ನೂರು ಕೋಟಿಯನ್ನು ಏಳರಿಂದ ಭಾಗಿಸಿದರೆ 6 ಉಳಿಯುತ್ತದೆ. ಒಂದನ್ನು ಕೂಡಿಸಿದೊಡನೆ ಶೇಷವಿಲ್ಲದೆ ಭಾಗವಾಗುತ್ತದೆ. ಹಾರದ ಗುಟ್ಟು ಇಷ್ಟೇ. ಈ ಸಂಖ್ಯೆಯು 11, 13, 19 ಇವುಗಳಿಂದಲೂ ನಿಶ್ಶೇಷವಾಗಿ ಭಾಗವಾಗುವುದನ್ನು ಮಕ್ಕಳು ಮಾಡಿ ನೋಡಬಹುದು. 27994681ನ್ನು 441ರಿಂದ ಗುಣಿಸಿದಾಗ ದೊರೆಯುವ 12345654321 ಇಂತಹ ಇನ್ನೊಂದು ಹಾರ. ಇದು 111111ರ ವರ್ಗವೂ ಹೌದು.

ಬಡ್ಡಿ, ಭಿನ್ನರಾಶಿ, ಕ್ಷೇತ್ರಫಲ, ನೆರಳಿನ ಅಳತೆ ಎಲ್ಲವೂ ಈ ಗ್ರಂಥದಲ್ಲಿವೆ. ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂಬುದನ್ನು ಅವರು ಸ್ಪಷ್ಟವಾಗಿ ಹೇಳಿದರು. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದೆಂದದ್ದನ್ನು ಮಾತ್ರ ಇಂದಿನ ಗಣಿತವು ಒಪ್ಪುವುದಿಲ್ಲ. ಭಕ್ತಿಯ ಭರದಲ್ಲಿ ಇದನ್ನು ಮರೆಮಾಚುವುದು ಸರಿಯಲ್ಲ. ಸೊನ್ನೆಯ ಭಾಗಾಕಾರದಲ್ಲಿ ಬ್ರಹ್ಮಗುಪ್ತನಂತಹವನೂ ಎಡವಿದ್ದನು.

ಗ್ರಂಥವು ಒಂದೇ ನುಡಿಯ ಸೊತ್ತಾಗಿ ಉಳಿಯಲಿಲ್ಲ. 11ನೇ ಶತಮಾನದಲ್ಲಿ ಪಾವುಲೂರಿ ಮಲ್ಲನನು ತೆಲುಗಿಗೆ ತಂದನು. ಪ್ರೊ. ಎಂ. ರಂಗಾಚಾರ್ಯರು ಹಸ್ತಪ್ರತಿಗಳನ್ನು ಶೋಧಿಸಿ, ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಮದರಾಸಿನಲ್ಲಿ ಮುದ್ರಿಸಿದಾಗ ಹೊರದೇಶದ ವಿದ್ವಾಂಸರೂ ಆಚಾರ್ಯರನ್ನು ಅರಿತರು. ಹಿಂದಿ ಅನುವಾದವು 1963ರಲ್ಲಿ ಸೊಲ್ಲಾಪುರದ ಜೀವರಾಜ ಜೈನ ಗ್ರಂಥಮಾಲೆಯಲ್ಲಿ ಬೆಳಕು ಕಂಡಿತು. ಡಾ. ಪದ್ಮಾವತಮ್ಮನವರ ಕನ್ನಡ ಅನುವಾದವುಳ್ಳ ಆವೃತ್ತಿಯು 2000ದಲ್ಲಿ ಹೊಂಬುಜದಿಂದ ಪ್ರಕಟವಾಯಿತು. ಕನ್ನಡ ನಾಡಿನ ಅರಸನ ಕಾಲದಲ್ಲಿ ಹುಟ್ಟಿದ ಕೃತಿಯು ಕನ್ನಡಿಗರ ಕೈಗೆ ಹೀಗೆ ತಡವಾಗಿ ಬಂದಿತು.