ಶಿವನಸಮುದ್ರದ ಬೆಳಕು: ದಿವಾನ್ ಶೇಷಾದ್ರಿ ಅಯ್ಯರ್

ಹೋದ ವರ್ಷ ನಮ್ಮ ತರಗತಿಯವರು ಶಿವನಸಮುದ್ರಕ್ಕೆ ಪ್ರವಾಸ ಹೋಗಿದ್ದೆವು. ಗಗನಚುಕ್ಕಿಯ ಸೊಬಗಿಗೆ ಮರುಳಾಗಿ ನಿಂತಿದ್ದ ನಮಗೆ ಅಧ್ಯಾಪಕರು ಅಲ್ಲಿನ ವಿದ್ಯುದಾಗಾರದ ಕಥೆ ಹೇಳಿದರು. ಅದನ್ನು ಕಟ್ಟಿಸಲು ಹೊರಟ ದಿವಾನರು ಅದರ ಬೆಳಕನ್ನು ಕಾಣದೆಯೇ ತೀರಿಹೋದರೆಂದು ಕೇಳಿದಾಗ ನನ್ನ ಮನಸ್ಸು ಕಲಕಿತು. ಆ ಮಹನೀಯರ ಜೀವನವನ್ನು ಓದಿ ತಿಳಿಯಬೇಕೆಂಬ ಹಂಬಲ ಹುಟ್ಟಿದ್ದು ಅಂದೇ.

ಕುಮಾರಪುರಂ ಶೇಷಾದ್ರಿ ಅಯ್ಯರ್ ಅವರು ಹುಟ್ಟಿದ್ದು 1845ರಲ್ಲಿ, ಮಲಬಾರಿನ ಪಾಲಘಾಟಿನ ಬಳಿ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ, 1868ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದರು. ರಂಗಾಚಾರ್ಲು ಅವರು ಕಾಲವಾದ ಮೇಲೆ 1883ರಲ್ಲಿ ದಿವಾನರಾಗಿ, ಹದಿನೆಂಟು ವರ್ಷ ಆ ಭಾರವನ್ನು ಹೊತ್ತರು.

ಅವರ ಕೈಗೆ ಬಂದ ನಾಡು ಸುಖದ ನಾಡಲ್ಲ. 1876ರಿಂದ 1878ರವರೆಗಿನ ಕ್ಷಾಮ ಊರೂರನ್ನೇ ಬರಿದು ಮಾಡಿತ್ತು. 1871ರಲ್ಲಿ 50 ಲಕ್ಷ ಮೀರಿದ್ದ ಜನಸಂಖ್ಯೆ 1881ರ ಗಣತಿಯಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಬೊಕ್ಕಸದ ಮೇಲೆ ಕ್ಷಾಮಕಾಲದ ಸಾಲವೂ ಇತ್ತು. ಮಳೆಯನ್ನೂ ಹೊಲವನ್ನೂ ಮಾತ್ರ ನಂಬಿದ ನಾಡಿಗೆ ಬೇರೆ ಆಸರೆಯೂ ಬೇಕೆಂಬುದನ್ನು ಈ ಪೆಟ್ಟು ಕಲಿಸಿತ್ತು. ಶೇಷಾದ್ರಿ ಅಯ್ಯರ್ ರೈಲುದಾರಿಗಳನ್ನು ಬೆಳೆಸಿದರು. ಭೂಗರ್ಭ ಶಾಸ್ತ್ರದ ಇಲಾಖೆಯನ್ನು ತೆರೆದರು. ಮಾರಿಕಣಿವೆಯಲ್ಲಿ ಕಟ್ಟೆಯ ಕೆಲಸ ಆರಂಭಿಸಿದರು.

ಇವೆಲ್ಲಕ್ಕಿಂತ ಸಾಹಸದ್ದು ಶಿವನಸಮುದ್ರದ ಯೋಜನೆ. ಕೋಲಾರದ ಚಿನ್ನದ ಗಣಿಗಳ ಯಂತ್ರಗಳು ಆಗ ಉಗಿಯಿಂದ ನಡೆಯುತ್ತಿದ್ದವು. ಅದಕ್ಕಾಗಿ ಸೌದೆಯನ್ನೂ ಕಲ್ಲಿದ್ದಲನ್ನೂ ರಾಶಿರಾಶಿಯಾಗಿ ಸುಡಬೇಕಾಗಿತ್ತು. ಕಾವೇರಿಯ ಧುಮುಕಿನಿಂದ ವಿದ್ಯುತ್ತನ್ನು ತೆಗೆದು ಗಣಿಗಳಿಗೆ ಮಾರಬಹುದೆಂಬ ಯೋಜನೆಯನ್ನು ಸಂಸ್ಥಾನದ ಎಂಜಿನಿಯರ್ ಜಾಲಿ ಡಿ ಲಾಟ್‌ಬಿನಿಯರ್ ಮುಂದಿಟ್ಟರು. ದೂರವೋ ಸುಮಾರು 92 ಮೈಲಿ! ಅಷ್ಟು ದೂರ ವಿದ್ಯುತ್ತನ್ನು ಸಾಗಿಸುವುದು ಜಗತ್ತಿನಲ್ಲಿಯೇ ಆಗ ಅಪರೂಪ. ಕೆಲಸ ಕೆಟ್ಟರೆ ಕೊಚ್ಚಿಹೋಗುವುದು ರೈತರು ತೆತ್ತ ಕಂದಾಯದ ಹಣ. ಇದನ್ನು ದಿವಾನರು ಬಲ್ಲರು. ಆದುದರಿಂದಲೇ ಎಂಜಿನಿಯರರು ಅಮೆರಿಕ, ಯೂರೋಪುಗಳಿಗೆ ಹೋಗಿ ಅಲ್ಲಿನ ಕೆಲಸಗಳನ್ನು ಕಣ್ಣಾರೆ ನೋಡಿ ಬಂದರು. ವಿದ್ಯುತ್ತನ್ನು ಕೊಳ್ಳುವುದಾಗಿ ಗಣಿ ಕಂಪನಿಗಳೊಡನೆ ಕರಾರು ಆಯಿತು. ಸಾಹಸಕ್ಕೆ ಲೆಕ್ಕದ ಬೆಂಬಲವಿದ್ದಿತು.

ದಿವಾನರನ್ನು ಎಲ್ಲರೂ ಹೊಗಳಿದರೆಂದು ಹೇಳಲಾರೆ. ಮದರಾಸಿನ ಕಡೆಯವರಿಗೆ ದೊಡ್ಡ ಹುದ್ದೆಗಳನ್ನು ಕೊಟ್ಟರೆಂಬ ದೂರು ಮೈಸೂರಿಗರಲ್ಲಿ ಬಲವಾಗಿತ್ತು. ಮೊದಲ ವಿದ್ಯುತ್ತು ಹೋದದ್ದು ಆಂಗ್ಲ ಕಂಪನಿಗಳ ಗಣಿಗಳಿಗೆ, ಜಲಪಾತದ ಮಗ್ಗುಲಿನ ಹಳ್ಳಿಗಳಿಗಲ್ಲ, ಇದನ್ನೂ ಮರೆಯಬಾರದು. ಆದರೆ ವಿದ್ಯುದಾಗಾರ ಸರ್ಕಾರದ ಸ್ವತ್ತಾಗಿತ್ತು. ಮಾರಿದ ಹಣ ನಾಡಿನ ಬೊಕ್ಕಸಕ್ಕೇ ಬಂತು.

ಆರೋಗ್ಯ ಕೆಟ್ಟು 1901ರ ಮಾರ್ಚಿಯಲ್ಲಿ ಅವರು ಅಧಿಕಾರ ಬಿಟ್ಟರು. ಸೆಪ್ಟೆಂಬರ್ 13ರಂದು ಕೀರ್ತಿಶೇಷರಾದರು. ಒಂಬತ್ತು ತಿಂಗಳ ಮೇಲೆ, 1902ರ ಜೂನ್ 30ರಂದು ವಿದ್ಯುತ್ತು ಕೋಲಾರದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಬೆಳಗಿತು. ಶಿವನಸಮುದ್ರಕ್ಕೆ ವರ್ಷವಿಡೀ ಸಾಕಷ್ಟು ನೀರು ಒದಗಿಸುವುದೂ 1911ರಲ್ಲಿ ಮೊದಲಾದ ಕನ್ನಂಬಾಡಿ ಕಟ್ಟೆಯ ಒಂದು ಉದ್ದೇಶವಾಗಿತ್ತು.

ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದವು. ಚಿನ್ನವನ್ನು ಅಗೆದಷ್ಟೂ ಅದು ಕರಗುತ್ತದೆ. ನೀರಿನ ಶಕ್ತಿ ಮಳೆಯೊಡನೆ ಮರಳಿ ಬರುತ್ತದೆ. ಚಿನ್ನಕ್ಕಾಗಿ ಎಳೆದ ತಂತಿಯಿಂದ ನಾಡು ಪಡೆದದ್ದು ಚಿನ್ನಕ್ಕಿಂತ ಹೆಚ್ಚು ಬಾಳುವ ವಿದ್ಯೆಯನ್ನು. ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿ ಅವರ ಪ್ರತಿಮೆಯಿದೆ. ಅದರ ಮುಂದೆ ನಿಂತಾಗ ನನಗೆ ತೋರುವುದಿಷ್ಟು: ಪ್ರಜೆಗಳ ಹಣವನ್ನು ಕೈಯಲ್ಲಿ ಹಿಡಿದವರು ತಾವು ಕಾಣಲಾರದ ನಾಳೆಗಾಗಿ ಅದನ್ನು ಎಚ್ಚರದಿಂದ ಬಿತ್ತಬೇಕು. ಸರ್ಕಾರದ ಹಣದಲ್ಲಿಯೇ ನಡೆಯುವ ಕಾಲೇಜಿನಲ್ಲಿ ಓದುತ್ತಿರುವ ನಾವೂ ಅಂಥ ಬಿತ್ತನೆಯೇ ಅಲ್ಲವೇ?