ರೇಡಿಯೇಟರ್ ಎಲ್ಲಿಡಬೇಕು? ಸ್ಪಿಟ್‌ಫೈರ್ ರೂಪಿಸಿದ ಮಿಚೆಲ್ ಅವರ ಬದುಕು

ಕಾರಿನ ಎಂಜಿನ್ ಅತಿಯಾಗಿ ಬಿಸಿಯಾದರೆ ನಾವು ರಸ್ತೆಬದಿಗೆ ನಿಲ್ಲಿಸಿ, ಬಾನೆಟ್ ಎತ್ತಿ ಕಾಯುತ್ತೇವೆ. ಆಕಾಶದಲ್ಲಿ ಆ ಅವಕಾಶವಿಲ್ಲ. ಹಾಗಾದರೆ ವಿಮಾನಕ್ಕೆ ದೊಡ್ಡದೊಂದು ರೇಡಿಯೇಟರ್ ಕಟ್ಟಿ ಗಾಳಿಗೆ ಒಡ್ಡಿದರೆ ಸಾಕಲ್ಲವೇ? ಸಾಲದು. ವಿಮಾನದ ವೇಗ ಎರಡು ಪಟ್ಟಾದರೆ ಗಾಳಿಯ ತಡೆ ಸುಮಾರು ನಾಲ್ಕು ಪಟ್ಟಾಗುತ್ತದೆ. ಎಂಜಿನ್ನನ್ನು ಉಳಿಸಬೇಕಾದ ರೇಡಿಯೇಟರೇ ಅದರ ಶಕ್ತಿಯನ್ನು ತಿಂದುಹಾಕುತ್ತದೆ. ಈ ಇಕ್ಕಟ್ಟಿನಲ್ಲೇ ವೃತ್ತಿಜೀವನದ ಬಹುಪಾಲು ಕಳೆದವರು ಇಂಗ್ಲೆಂಡಿನ ಎಂಜಿನಿಯರ್ ರೆಜಿನಾಲ್ಡ್ ಜೋಸೆಫ್ ಮಿಚೆಲ್.

ಮಿಚೆಲ್ ಹುಟ್ಟಿದ್ದು 1895ರ ಮೇ 20ರಂದು, ಸ್ಟಾಫರ್ಡ್‌ಶೈರ್ ಪ್ರಾಂತ್ಯದಲ್ಲಿ. ಹದಿನಾರರ ವಯಸ್ಸಿಗೆ ರೈಲು ಎಂಜಿನ್ ತಯಾರಿಸುವ ಕಾರ್ಖಾನೆಯೊಂದರಲ್ಲಿ ಕೆಲಸ ಕಲಿಯಲು ಸೇರಿದರು. ಅಲ್ಲಿಂದ ಸೌತಾಂಪ್ಟನ್ನಿನ ಸೂಪರ್‌ಮರೀನ್ ಕಂಪನಿಗೆ ಬಂದು, 24ನೇ ವಯಸ್ಸಿಗೇ ಅದರ ಮುಖ್ಯ ವಿನ್ಯಾಸಕಾರರಾದರು.

ಆಗ ನೀರಿನ ಮೇಲೆ ಇಳಿಯುವ ವಿಮಾನಗಳ ಷ್ನೈಡರ್ ಟ್ರೋಫಿ ಸ್ಪರ್ಧೆಗೆ ಭಾರೀ ಹೆಸರಿತ್ತು. 1925ರಲ್ಲಿ ಮಿಚೆಲ್ ರೂಪಿಸಿದ ಎಸ್.4 ವಿಮಾನದ ಮೈಯೆಲ್ಲ ನುಣುಪಾಗಿದ್ದರೂ, ರೆಕ್ಕೆಯ ಕೆಳಗೆ ರೇಡಿಯೇಟರ್‌ಗಳು ಗಾಳಿಗೆ ಅಡ್ಡವಾಗಿ ನೇತಾಡುತ್ತಿದ್ದವು. ಸ್ಪರ್ಧೆಗೆ ಮುನ್ನವೇ ಅದು ಅಪಘಾತಕ್ಕೀಡಾಯಿತು. ಪೈಲಟ್ ಬದುಕಿ ಉಳಿದರು. ಮುಂದಿನ ಎಸ್.5ರಲ್ಲಿ ಮಿಚೆಲ್ ರೆಕ್ಕೆಯ ಮೇಲ್ಮೈಯನ್ನೇ ರೇಡಿಯೇಟರ್ ಮಾಡಿದರು. ಎರಡು ತೆಳು ಪದರಗಳ ನಡುವೆ ಬಿಸಿನೀರು ಹರಿಯುತ್ತಿತ್ತು, ಹೊರಗೆ ಗಾಳಿ ಅದನ್ನು ತಣಿಸುತ್ತಿತ್ತು. ಗಾಳಿಗೆ ಅಡ್ಡ ನಿಲ್ಲುವ ಹೆಚ್ಚುವರಿ ಭಾಗವೇ ಇಲ್ಲ! 1927ರಲ್ಲಿ ಎಸ್.5 ಗೆದ್ದಿತು. 1931ರಲ್ಲಿ ಎಸ್.6ಬಿ ಟ್ರೋಫಿಯನ್ನು ಬ್ರಿಟನ್ನಿಗೆ ಶಾಶ್ವತವಾಗಿ ತಂದುಕೊಟ್ಟಿತು; ಅದೇ ತಿಂಗಳು ಗಂಟೆಗೆ ಸುಮಾರು 656 ಕಿ.ಮೀ. ವೇಗದ ದಾಖಲೆಯನ್ನೂ ಬರೆಯಿತು.

ಆದರೆ ಸ್ಪರ್ಧೆಯ ಉಪಾಯ ಯುದ್ಧವಿಮಾನಕ್ಕೆ ಒಗ್ಗುವುದಿಲ್ಲ. ರೆಕ್ಕೆಯ ತುಂಬ ನೀರಿದ್ದರೆ, ಎಲ್ಲಿ ಗುಂಡು ತಗುಲಿದರೂ ಸೋರಿಕೆಯೇ. ಅವರ ಮುಂದಿನ ವಿಮಾನ ಟೈಪ್ 224ರಲ್ಲಿದ್ದ ಗಾಸ್‌ಹಾಕ್ ಎಂಜಿನ್ನಿಗೆ ಆವಿಯ ವ್ಯವಸ್ಥೆ ಇತ್ತು. ನೀರು ಆವಿಯಾಗುವಾಗ ಬಹಳಷ್ಟು ಶಾಖ ಹೀರಿಕೊಳ್ಳುತ್ತದೆ. ಆ ಆವಿ ರೆಕ್ಕೆಯ ಮುಂಚೂಣಿಯಲ್ಲಿ ತಣಿದು ಮತ್ತೆ ನೀರಾಗಿ ಎಂಜಿನ್ನಿಗೆ ಮರಳಬೇಕಿತ್ತು. ಕಾಗದದ ಮೇಲೆ ಸೊಗಸಾದ ಲೆಕ್ಕ. ಆದರೆ ಕುದಿಯುವ ಹಂತದಲ್ಲೇ ಇದ್ದ ನೀರು ಪಂಪಿನೊಳಗೆ ಮತ್ತೆ ಆವಿಯಾಗುತ್ತಿತ್ತು. ಎಂಜಿನ್ ಪದೇಪದೇ ಬಿಸಿಯಾಗುತ್ತಿತ್ತು. 1934ರಲ್ಲಿ ಹಾರಿದ ಈ ವಿಮಾನವನ್ನು ವಾಯುಪಡೆ ಒಪ್ಪಲಿಲ್ಲ.

ಆ ಹೊತ್ತಿಗೆ ಮಿಚೆಲ್ ಅವರ ದೇಹವೂ ಸೋಲುತ್ತಿತ್ತು. 1933ರಲ್ಲಿ ಕರುಳಿನ ಕ್ಯಾನ್ಸರ್‌ಗೆ ದೊಡ್ಡ ಶಸ್ತ್ರಚಿಕಿತ್ಸೆಯಾಗಿತ್ತು. ರೋಗ ಮರುಕಳಿಸಬಹುದು ಎಂದು ತಿಳಿದೂ ಅವರು ಕೆಲಸ ಬಿಡಲಿಲ್ಲ. ವಿಮಾನ ಹಾರಿಸುವುದನ್ನೂ ಕಲಿತರು.

ಹೊಸ ವಿಮಾನಕ್ಕೆ ರೋಲ್ಸ್ ರಾಯ್ಸ್‌ನ ಮರ್ಲಿನ್ ಎಂಜಿನ್ ಆಯ್ಕೆಯಾಯಿತು. ನೀರಿನ ಬದಲು ಎಥಿಲೀನ್ ಗ್ಲೈಕಾಲ್ ಬಂತು. ಅದು ಕುದಿಯುವುದು ಸುಮಾರು 197 ಡಿಗ್ರಿ ಸೆಲ್ಸಿಯಸ್‌ನಲ್ಲಿ. ದ್ರವ ಹೆಚ್ಚು ಬಿಸಿಯಿದ್ದಷ್ಟೂ ಹೊರಗಿನ ಗಾಳಿಗೆ ಶಾಖ ಬೇಗ ದಾಟುತ್ತದೆ. ಹಾಗಾಗಿ ಚಿಕ್ಕ ರೇಡಿಯೇಟರ್ ಸಾಕು. ಅದನ್ನು ಇಡುವ ಬಗೆಯನ್ನು ಫಾರ್ನ್‌ಬರೋದ ಸಂಶೋಧಕ ಮೆರೆಡಿತ್ ತೋರಿಸಿದ್ದರು. ರೇಡಿಯೇಟರನ್ನು ಒಂದು ಕೊಳವೆಯೊಳಗೆ ಇಡಬೇಕು. ಒಳಬಂದ ಗಾಳಿ ಅಗಲವಾಗುವ ಜಾಗದಲ್ಲಿ ನಿಧಾನವಾಗಿ, ಬಿಸಿಯಾಗಿ ಹಿಗ್ಗಿ, ಕಿರಿದಾದ ಬಾಯಿಂದ ರಭಸವಾಗಿ ಹಿಂದಕ್ಕೆ ಹೊರಡುತ್ತದೆ. ಇದರಿಂದ ಸಿಗುವ ತಳ್ಳುವಿಕೆ ರೇಡಿಯೇಟರಿನ ತಡೆಯ ಸಾಕಷ್ಟು ಭಾಗವನ್ನು ತೀರಿಸುತ್ತದೆ. ಇದನ್ನು ಪುಕ್ಕಟೆ ಜೆಟ್ ಎಂಜಿನ್ ಎಂದು ಬಣ್ಣಿಸುವುದುಂಟು, ಅದು ಉತ್ಪ್ರೇಕ್ಷೆ.

1936ರ ಮಾರ್ಚ್ 5ರಂದು ಈಸ್ಟ್‌ಲೀ ಮೈದಾನದಿಂದ ಆ ವಿಮಾನ ಮೊದಲ ಬಾರಿಗೆ ಹಾರಿತು. ಅದೇ ಸ್ಪಿಟ್‌ಫೈರ್. ಅದೂ ಪರಿಪೂರ್ಣವಾಗಿರಲಿಲ್ಲ. ನೆಲದ ಮೇಲೆ ಹೆಚ್ಚು ಹೊತ್ತು ಎಂಜಿನ್ ಚಾಲೂ ಇಟ್ಟರೆ ಬಿಸಿಯೇರುತ್ತಿತ್ತು, ಏಕೆಂದರೆ ಇಳಿಸಿದ ಚಕ್ರದ ಕಾಲು ರೇಡಿಯೇಟರಿಗೆ ಬರುವ ಗಾಳಿಗೆ ಅಡ್ಡವಾಗುತ್ತಿತ್ತು.

1937ರ ಜೂನ್ 11ರಂದು, 42ನೇ ವಯಸ್ಸಿನಲ್ಲಿ ಮಿಚೆಲ್ ತೀರಿಕೊಂಡರು. ಸ್ಪಿಟ್‌ಫೈರ್ ಯುದ್ಧಕ್ಕಿಳಿದದ್ದನ್ನು ಅವರು ನೋಡಲಿಲ್ಲ. ಅದನ್ನು ಮುಂದೆ ಬೆಳೆಸಿದವರು ಅವರ ಸಹೋದ್ಯೋಗಿ ಜೋಸೆಫ್ ಸ್ಮಿತ್ ಮತ್ತು ತಂಡ.

ಇಂದು ಪುಟ್ಟ ವಿಮಾನಕ್ಕೆ ದ್ರವದಿಂದ ತಣಿಯುವ ಎಂಜಿನ್ ಕೂರಿಸುವವರ ಮುಂದೆಯೂ ಇವೇ ಪ್ರಶ್ನೆಗಳಿವೆ. ಗಾಳಿ ಎಲ್ಲಿಂದ ಒಳಬರುತ್ತದೆ, ಎಲ್ಲಿಂದ ಹೊರಹೋಗುತ್ತದೆ? ವೇಗ ಕಡಿಮೆಯಿದ್ದು ಎಂಜಿನ್ ಪೂರ್ತಿ ದುಡಿಯುವ ಏರುಹಾರಾಟದಲ್ಲಿ ಏನಾಗುತ್ತದೆ? ನೆಲದ ಮೇಲೆ ನಿಂತಾಗ? ರೇಡಿಯೇಟರಿನ ಗಾತ್ರ ಗೊತ್ತುಮಾಡುವ ಮುನ್ನ ಇವಕ್ಕೆ ಉತ್ತರ ಬೇಕು. ಎಂಜಿನ್ನನ್ನು ತಣಿಸುವುದು ರೇಡಿಯೇಟರ್ ಒಂದೇ ಅಲ್ಲ, ಅದರ ಮೂಲಕ ಹಾದುಹೋಗುವ ಗಾಳಿಯ ದಾರಿಯೂ ಹೌದು.