ಕಂಬಳಿ ಹೋಯಿತು, ಬಾಗಿಲು ಮುಚ್ಚಲಿಲ್ಲ

ನಮ್ಮ ಬ್ಯಾಟರಾಯನಪುರದಲ್ಲಿ ಬಳ್ಳಾರಿ ರಸ್ತೆಯ ಗದ್ದಲ ಬಿಟ್ಟು ಒಂದೆರಡು ತಿರುವು ಒಳಗೆ ಬಂದರೆ ಕ್ರೈಸ್ತ ಸಂಸ್ಥೆಯೊಂದು ನಡೆಸುವ ಮಕ್ಕಳ ಮನೆ ಇದೆ. ರೈಲು ನಿಲ್ದಾಣದಲ್ಲಿ ಒಂಟಿಯಾಗಿ ಸಿಕ್ಕವರು, ಚಿಂದಿ ಆಯುತ್ತಿದ್ದವರು, ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದವರು, ಎಲ್ಲ ಹುಡುಗರೂ ಅಲ್ಲಿದ್ದಾರೆ. ಬಿ.ಕಾಂ. ಎರಡನೇ ವರ್ಷದಿಂದ ಪ್ರತಿ ಭಾನುವಾರ ನಾನು ಅವರಿಗೆ ಲೆಕ್ಕ ಹೇಳಿಕೊಡಲು ಹೋಗುತ್ತೇನೆ. ಹೋಗುತ್ತಿದ್ದೆ ಎನ್ನಬೇಕು. ಕಳೆದ ಮಳೆಗಾಲದಲ್ಲಿ ಮೂರು ವಾರ ಹೋಗಿರಲಿಲ್ಲ.

ಕಾರಣ ಒಬ್ಬ ಹುಡುಗ. ಹನ್ನೊಂದೋ ಹನ್ನೆರಡೋ ವಯಸ್ಸು. ಮಗ್ಗಿ ಬಾರದಿದ್ದವನು ಆರು ತಿಂಗಳಲ್ಲಿ ಗುಣಾಕಾರ ಮಾಡುವಷ್ಟು ಕಲಿತಿದ್ದ. ನಾನು ಬರುವುದನ್ನೇ ಕಾದು ಗೇಟಿನ ಹತ್ತಿರ ನಿಂತಿರುತ್ತಿದ್ದ. ಒಂದು ಭಾನುವಾರ ಅವನೂ ಕಾಣೆ, ಮೇಜಿನ ಮೇಲಿಟ್ಟಿದ್ದ ನನ್ನ ಫೋನೂ ಕಾಣೆ. ಕಂತು ಇನ್ನೂ ತೀರಿರಲಿಲ್ಲ. ಅಮ್ಮ ಬೈದಳು. ಫೋನಿಗಿಂತ ಹೆಚ್ಚಾಗಿ, ಮೋಸ ಹೋದೆ ಎನ್ನುವ ಸಿಟ್ಟು ನನಗೆ. ಇವರಿಗೆ ಎಷ್ಟು ಮಾಡಿದರೂ ಇಷ್ಟೇ ಎಂದು ತೀರ್ಮಾನಿಸಿಬಿಟ್ಟೆ.

ಆ ಮನೆಯ ಊಟದ ಕೋಣೆಯಲ್ಲಿ ಹುಡುಗರ ನಡುವೆ ನಗುತ್ತ ನಿಂತ ಕಪ್ಪು ನಿಲುವಂಗಿಯ ಪಾದ್ರಿಯೊಬ್ಬರ ಪಟವಿದೆ. ಕೆಳಗೆ ಡಾನ್ ಬಾಸ್ಕೊ ಎಂದು ಬರೆದಿದೆ. ನಮಗೆ ಡಾನ್ ಅಂದರೆ ಸಿನಿಮಾದ ರೌಡಿ! ಇಟಲಿಯಲ್ಲಿ ಅದು ಪಾದ್ರಿಗಳನ್ನು ಗೌರವದಿಂದ ಕರೆಯುವ ಮಾತಂತೆ. ಮನೆಯಲ್ಲಿ ಸುಮ್ಮನೆ ಕುಳಿತಿದ್ದ ಆ ಮೂರು ವಾರಗಳಲ್ಲಿ ಅವರ ಜೀವನ ಓದಿದೆ.

ಜೊವಾನಿ ಬಾಸ್ಕೊ ಹುಟ್ಟಿದ್ದು 1815ರ ಆಗಸ್ಟ್ 16ರಂದು, ಉತ್ತರ ಇಟಲಿಯ ಬೆಕ್ಕಿ ಎಂಬ ಹಳ್ಳಿಯಲ್ಲಿ. ಎರಡು ವರ್ಷ ತುಂಬುವ ಮೊದಲೇ ತಂದೆ ತೀರಿಕೊಂಡರು. ಅದೇ ಸಮಯಕ್ಕೆ ಆ ಸೀಮೆಯಲ್ಲಿ ಬರ. ತಾಯಿ ಮಾರ್ಗರಿಟಾ ಹೊಲ ಗೇಯ್ದು ಮನೆ ನಡೆಸಿದಳು. ಈ ಹುಡುಗನಿಗೆ ಓದುವ ಹುಚ್ಚು, ಮಲಅಣ್ಣ ಅಂತೋನಿಯೊಗೆ ಪುಸ್ತಕ ಕಂಡರಾಗದು. ಜಗಳ ವಿಪರೀತವಾದಾಗ ತಾಯಿಯೇ ಹನ್ನೆರಡರ ಮಗನನ್ನು ಬೇರೊಬ್ಬರ ಹೊಲಮನೆಗೆ ಆಳಾಗಿ ಕಳಿಸಬೇಕಾಯಿತು. ಮುಂದೆ ಕಿಯೇರಿ ಎಂಬ ಪಟ್ಟಣದಲ್ಲಿ ಓದುವಾಗ ದರ್ಜಿಯ ಹತ್ತಿರ, ಕಾಫಿ ಅಂಗಡಿಯಲ್ಲಿ ದುಡಿದು, ಮೆಟ್ಟಿಲ ಕೆಳಗಿನ ಕಿಂಡಿಯಂಥ ಜಾಗದಲ್ಲಿ ಮಲಗಿದ. ಹಗ್ಗದ ಮೇಲೆ ನಡೆಯುವುದು, ಕೈಚಳಕದ ಆಟ ಎಲ್ಲ ಬರುತ್ತಿತ್ತು. ಜಾತ್ರೆಯಲ್ಲಿ ದೊಂಬರಾಟ ನೋಡಿ ಕಲಿತದ್ದು. ಊರ ಹುಡುಗರನ್ನು ಸೇರಿಸಿ ಆಟ ತೋರಿಸುತ್ತಿದ್ದ, ನಡುವೆ ಜಪ ಹೇಳಿಸುತ್ತಿದ್ದ. ಜಪ ತಪ್ಪಿಸಿದವರಿಗೆ ಆಟವಿಲ್ಲ!

1841ರ ಜೂನ್‌ನಲ್ಲಿ ಗುರುದೀಕ್ಷೆಯಾಗಿ ಟ್ಯೂರಿನ್ ನಗರಕ್ಕೆ ಬಂದರು. ಕಾರ್ಖಾನೆಗಳೂ ಹೊಸ ಕಟ್ಟಡಗಳೂ ಏಳುತ್ತಿದ್ದ ಕಾಲ. ಗಾರೆ ಕೆಲಸ, ಚಿಮಣಿ ಗುಡಿಸುವ ಕೆಲಸ ಹುಡುಕಿಕೊಂಡು ಹಳ್ಳಿಯ ಹುಡುಗರು ಹಿಂಡುಹಿಂಡಾಗಿ ಬರುತ್ತಿದ್ದರು. ಇಂದು ನಮ್ಮ ಯಶವಂತಪುರ ಸ್ಟೇಷನ್ನಿನಲ್ಲಿ ಇಳಿಯುತ್ತಾರಲ್ಲ, ಹಾಗೆ. ಕಫಾಸ್ಸೊ ಎಂಬ ಹಿರಿಯ ಪಾದ್ರಿ ಬಾಸ್ಕೊ ಅವರನ್ನು ಜೈಲುಗಳಿಗೆ ಕರೆದುಕೊಂಡು ಹೋದರು. ಒಳಗೆ ಹನ್ನೆರಡರಿಂದ ಹದಿನೆಂಟರ ಹುಡುಗರು, ಮೈತುಂಬ ಹೇನು, ತಿಗಣೆ. ಬಿಡುಗಡೆಯಾಗಿ ಹೋದವರೇ ಮತ್ತೆ ಮತ್ತೆ ಜೈಲಿಗೆ ಬರುತ್ತಿದ್ದರು. ಹೊರಗೆ ತಮ್ಮವರೆನ್ನುವವರು ಯಾರೂ ಇಲ್ಲದ್ದೇ ಅದಕ್ಕೆ ಕಾರಣವೆಂದು ಬಾಸ್ಕೊಗೆ ಅನ್ನಿಸಿತು.

ಅದೇ ವರ್ಷ ಡಿಸೆಂಬರ್ 8ರಂದು ಚರ್ಚಿನ ಒಳಕೋಣೆಗೆ ಬಾರ್ತಲೋಮಿಯೊ ಗರೆಲ್ಲಿ ಎಂಬ ಗಾರೆ ಕೆಲಸದ ಅನಾಥ ಹುಡುಗ ನುಗ್ಗಿದ. ಪೂಜೆಗೆ ನೆರವಾಗಲು ಬಾರದವನು ಇಲ್ಲೇಕೆ ಬಂದೆ ಎಂದು ಚರ್ಚಿನ ಆಳು ಅವನನ್ನು ಹೊಡೆದು ಓಡಿಸಿದ. ಬಾಸ್ಕೊ ಅವನನ್ನು ವಾಪಸು ಕರೆಸಿ, ಪಕ್ಕದಲ್ಲಿ ಕೂರಿಸಿಕೊಂಡು ಮಾತಾಡಿಸಿದರು. ಮುಂದಿನ ಭಾನುವಾರ ಅವನು ಗೆಳೆಯರನ್ನೂ ಕರೆತಂದ. ಹಾಗೆ ಶುರುವಾದ ಗುಂಪು ನೂರಾರಾಯಿತು.

ಆದರೆ ಇವರನ್ನೆಲ್ಲ ಇಟ್ಟುಕೊಳ್ಳಲು ಜಾಗ ಬೇಕಲ್ಲ? ಸ್ಮಶಾನದ ಪಕ್ಕದ ಚರ್ಚಿನಿಂದ ಓಡಿಸಿದರು, ಹಿಟ್ಟಿನ ಗಿರಣಿಯ ಹತ್ತಿರ ಸೇರಿದರೆ ಗಿರಣಿಯವರು ದೂರು ಕೊಟ್ಟರು. ಕೊನೆಗೆ ಬಯಲೊಂದನ್ನು ಬಾಡಿಗೆಗೆ ಹಿಡಿದರೆ, ಹುಡುಗರು ತುಳಿದು ಹುಲ್ಲಿನ ಬೇರೂ ಉಳಿಯುತ್ತಿಲ್ಲವೆಂದು ಅದರ ಮಾಲೀಕರೂ ಬಿಡಿಸಿದರು. (ಮಕ್ಕಳು ಪಾರ್ಕಿಂಗ್‌ನಲ್ಲಿ ಚೆಂಡಾಡಿದರೆ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಬರುವ ಮೆಸೇಜುಗಳು ನೆನಪಾದವು.) ಜೊತೆಯ ಪಾದ್ರಿಗಳಿಗೇ ಇವರಿಗೆ ತಲೆ ಕೆಟ್ಟಿದೆ ಎನ್ನಿಸಿ, ಇಬ್ಬರು ಹುಚ್ಚಾಸ್ಪತ್ರೆಗೆ ಸೇರಿಸಲು ಗಾಡಿ ತಂದರಂತೆ. ನೀವು ಮೊದಲು ಹತ್ತಿ ಎಂದು ಅವರನ್ನು ಕೂರಿಸಿ, ಬಾಸ್ಕೊ ಹೊರಗಿನಿಂದ ಬಾಗಿಲು ಮುಚ್ಚಿ ಗಾಡಿ ಓಡಿಸಿಬಿಟ್ಟರು.

1846ರ ಏಪ್ರಿಲ್ 12, ಈಸ್ಟರ್ ದಿನ, ವಾಲ್ಡೊಕ್ಕೊ ಎಂಬ ಬಡಾವಣೆಯಲ್ಲಿ ಪಿನಾರ್ದಿ ಎಂಬುವರ ಶೆಡ್ಡು ಸಿಕ್ಕಿತು. ತಲೆ ತಾಗುವಷ್ಟು ತಗ್ಗಿನ ಸೂರು. ನೆಲ ಅಗೆದು ಎತ್ತರ ಮಾಡಿಕೊಂಡರು. ಆ ಬೇಸಿಗೆಯಲ್ಲೇ ದಣಿದು ಸಾವಿನ ಅಂಚಿಗೆ ಹೋಗಿ ಬಂದ ಮಗನ ಜೊತೆಗೆ ನವೆಂಬರ್‌ನಲ್ಲಿ ತಾಯಿ ಮಾರ್ಗರಿಟಾ ಹೊರಟಳು. ಆಗ ಅವಳಿಗೆ 58 ವರ್ಷ. ಒಂದು ಬುಟ್ಟಿ ಹಿಡಿದು ಹಳ್ಳಿಯಿಂದ ನಗರದವರೆಗೆ ನಡೆದೇ ಬಂದಳು. ಮದುವೆಯ ಬಟ್ಟೆ, ಒಡವೆ ಎಲ್ಲ ಆ ಹುಡುಗರಿಗಾಗಿಯೇ ಕರಗಿದವು.

ನಾನು ಪುಸ್ತಕ ಕೆಳಗಿಟ್ಟು ಕುಳಿತದ್ದು ಇದರ ನಂತರದ ಪುಟಗಳಲ್ಲಿ. 1847ರ ವಸಂತದಲ್ಲಿ, ಇರಲು ಜಾಗವಿಲ್ಲದ ಕೆಲವು ಹುಡುಗರನ್ನು ಬಾಸ್ಕೊ ಹುಲ್ಲಿನ ಅಟ್ಟದಲ್ಲಿ ಮಲಗಿಸಿದರು, ಹೊದೆಯಲು ಕಂಬಳಿ ಕೊಟ್ಟರು. ಬೆಳಿಗ್ಗೆ ನೋಡಿದರೆ ಹುಡುಗರೂ ಇಲ್ಲ, ಕಂಬಳಿಗಳೂ ಇಲ್ಲ. ಇನ್ನೂ ಕೆಲವು ಸಲ ಪ್ರಯತ್ನಿಸಿದರು, ಅದೇ ಕಥೆ. ಆಮೇಲೆ ಮೇ ತಿಂಗಳ ಒಂದು ಮಳೆಯ ರಾತ್ರಿ ಹದಿನೈದರ ಅನಾಥನೊಬ್ಬ ತೊಯ್ದು ತೊಪ್ಪೆಯಾಗಿ ಬಾಗಿಲು ಬಡಿದ. ಪಾತ್ರೆ ಹೊತ್ತು ಹೋದಾನೆಂಬ ಹೆದರಿಕೆ ತಾಯಿಗೂ ಇತ್ತು, ಮಗನಿಗೂ ಇತ್ತು. ಆದರೂ ಅಡುಗೆಮನೆಯಲ್ಲೇ ಇಟ್ಟಿಗೆ ಜೋಡಿಸಿ, ಹಲಗೆ ಹಾಸಿ, ಮಾರ್ಗರಿಟಾ ಹಾಸಿಗೆ ಮಾಡಿದಳು. ಮಲಗುವ ಮೊದಲು ಅವನಿಗೆ ನಾಲ್ಕು ಒಳ್ಳೆಯ ಮಾತು ಹೇಳಿದಳು. ಆ ಮನೆಯಲ್ಲಿ ಉಳಿದ ಮೊದಲ ಹುಡುಗ ಅವನೇ. ಮಲಗುವ ಮುನ್ನ ಮಕ್ಕಳಿಗೆ ಎರಡು ಮಾತು ಹೇಳುವ ಪದ್ಧತಿ ಡಾನ್ ಬಾಸ್ಕೊ ಮನೆಗಳಲ್ಲಿ ಬಂದದ್ದು ಅಲ್ಲಿಂದ.

ಮಾರ್ಗರಿಟಾಗೂ ಒಮ್ಮೆ ಸಾಕಾಗಿತ್ತು. ಹುಡುಗರು ಯುದ್ಧದಾಟ ಆಡಿ ಅವಳು ಬೆಳೆಸಿದ ತರಕಾರಿ ಪಾತಿ ತುಳಿದುಹಾಕಿದರು. ಒಗೆದು ಹರವಿದ ಬಟ್ಟೆ ಮಣ್ಣಾಗುವುದು, ಹೊಲಿದ ಅಂಗಿ ಮರುದಿನವೇ ಹರಿಯುವುದು ನಿತ್ಯದ ಪಾಡು. ಊರಿಗೆ ಹೊರಟೇಬಿಡುತ್ತೇನೆ ಎಂದಳು. ಮಗ ವಾದಿಸಲಿಲ್ಲ, ಗೋಡೆಯ ಮೇಲಿನ ಶಿಲುಬೆಯತ್ತ ಕೈ ತೋರಿಸಿದರು ಅಷ್ಟೆ. ಅವಳು ಉಳಿದಳು, 1856ರಲ್ಲಿ ಸಾಯುವವರೆಗೂ. ಓದುತ್ತ ನನಗೆ ಹೆಚ್ಚು ಹತ್ತಿರವಾದದ್ದು ಸಂತನಿಗಿಂತ ಈ ತಾಯಿಯೇ.

ಬಾಸ್ಕೊ ಅನ್ನ, ಹಾಸಿಗೆಗಷ್ಟೇ ನಿಲ್ಲಲಿಲ್ಲ. ಕೆಲಸಕ್ಕೆ ಸೇರಿದ ಹುಡುಗರನ್ನು ಮಾಲೀಕರು ಹೊಡೆಯುತ್ತಿದ್ದರು, ಮನೆಗೆಲಸ ಮಾಡಿಸುತ್ತಿದ್ದರು. ಅದಕ್ಕೆ ಲಿಖಿತ ಕರಾರು ಮಾಡಿಸಿದರು. 1852ರಲ್ಲಿ ಬಡಗಿಯೊಬ್ಬನ ಜೊತೆ ಮಾಡಿಕೊಂಡ ಕರಾರು ಇಂದಿಗೂ ಉಳಿದಿದೆ. ತಪ್ಪು ಮಾಡಿದರೆ ಬಾಯಿಮಾತಲ್ಲಿ ತಿದ್ದಬೇಕು, ಕಸುಬಿನ ಕೆಲಸ ಬಿಟ್ಟು ಬೇರೆ ಮಾಡಿಸಬಾರದು, ಭಾನುವಾರ ರಜೆ ಕೊಡಬೇಕು, ಕಲಿತಂತೆ ಕೂಲಿ ಏರಬೇಕು. ಮುಂದಿನ ವರ್ಷದಿಂದ ತಮ್ಮಲ್ಲೇ ಚಪ್ಪಲಿ, ಬಟ್ಟೆ ಹೊಲಿಯುವುದು, ಬೈಂಡಿಂಗ್, ಮರಗೆಲಸ, ಮುದ್ರಣ ಎಂದು ಒಂದೊಂದೇ ಕಲಿಕಾ ಶಾಲೆ ತೆರೆದರು. ದುಡ್ಡಿಗೆ ಲಾಟರಿ ಕೂಡ ನಡೆಸಿದ್ದುಂಟು! 1859ರಲ್ಲಿ ಸಲೇಶಿಯನ್ ಸಭೆ ಕಟ್ಟಿದಾಗ ಜೊತೆಗಿದ್ದವರಲ್ಲಿ ಹೆಚ್ಚಿನವರು ಅದೇ ಮನೆಯಲ್ಲಿ ಬೆಳೆದ ಹುಡುಗರು. 1888ರ ಜನವರಿ 31ರಂದು ಬಾಸ್ಕೊ ತೀರಿಕೊಂಡರು. 1934ರಲ್ಲಿ ಸಂತ ಪದವಿ ಬಂತು.

ಅವರ ಸಭೆಯವರು ಭಾರತಕ್ಕೆ, ತಂಜಾವೂರಿಗೆ ಬಂದದ್ದು 1906ರಲ್ಲಿ. 1980ರಲ್ಲಿ ಬೆಂಗಳೂರಿನಲ್ಲಿ ಪಾದ್ರಿಯಾಗಲು ಓದುತ್ತಿದ್ದ ಸಲೇಶಿಯನ್ ವಿದ್ಯಾರ್ಥಿಗಳು ಬೀದಿಯ ಹುಡುಗರ ಒಡನಾಟ ಶುರು ಮಾಡಿದರು. ಅದು ಬೆಂಗಳೂರು ಓಣಿಯವರ ಸೇವಾ ಕೂಟವಾಯಿತು. ಇಂಗ್ಲಿಷಿನಲ್ಲಿ ಮೊದಲಕ್ಷರ ಜೋಡಿಸಿದರೆ ಬಾಸ್ಕೊ. ಅವರೂ ನನ್ನ ಹಾಗೆ ವಿದ್ಯಾರ್ಥಿಗಳೇ ಆಗಿದ್ದರು ಎಂದು ತಿಳಿದಾಗ ಸ್ವಲ್ಪ ನಾಚಿಕೆಯಾಯಿತು.

ನಾಲ್ಕನೇ ಭಾನುವಾರ ಹೋದೆ. ಹುಡುಗ ಯಶವಂತಪುರ ಸ್ಟೇಷನ್ನಿನಲ್ಲಿ ಸಿಕ್ಕಿ, ಮಕ್ಕಳ ಕಲ್ಯಾಣ ಸಮಿತಿಯ ಮೂಲಕ ಹಿಂದಿನ ವಾರವೇ ವಾಪಸು ಬಂದಿದ್ದ. ಫೋನ್ ಇರಲಿಲ್ಲ. ಗೇಟಿನ ಹತ್ತಿರ ನಿಂತಿರಲಿಲ್ಲ, ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕುಳಿತಿದ್ದ. ಏನಾದರೂ ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ, ಒಂದೂ ಬರಲಿಲ್ಲ. ಗುಣಾಕಾರ ಮುಗಿದಿತ್ತು, ಭಾಗಾಕಾರ ಶುರು ಮಾಡಿದೆ. ಶೇಷ ಉಳಿಯುವ ಲೆಕ್ಕ ಅವನಿಗೆ ಇನ್ನೂ ಸರಿಯಾಗಿ ಬರುತ್ತಿಲ್ಲ.